ಕಾಲೇಜು ಲಕ್ರಾಸ್ ತಂಡವೊಂದರ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವುದು ಹೇಗೆ: ಸಿರಕ್ಯೂಸ್ ತಂಡದ ಉದಾಹರಣೆ

ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ವಿಶ್ವವಿದ್ಯಾಲಯದ ಪುರುಷರ ಲಕ್ರಾಸ್ ತಂಡ ಎಷ್ಟು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದೆ ಎಂದು ಹುಡುಕಲು ಹೊರಟವರಿಗೆ 10, 11 ಮತ್ತು 15 ಎಂಬ ಮೂರು ಉತ್ತರಗಳು ಎದುರಾಗುತ್ತವೆ. ಮೂರಕ್ಕೂ ಆಧಾರವಿದೆ. ಯಾವ ಅಂಕಿಯ ಹಿಂದೆ ಯಾರ ಲೆಕ್ಕವಿದೆ ಎಂಬುದನ್ನು ಬಿಡಿಸಿ ಹೇಳಬಲ್ಲವರು ಆ ತಂಡದ ಚರಿತ್ರೆಯ ಅರ್ಧವನ್ನು ಬರೆದು ಮುಗಿಸಿದಂತೆಯೇ ಸರಿ. ಅಮೆರಿಕದ ಕಾಲೇಜು ತಂಡವೊಂದರ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಬೇಕೆಂದಿರುವವರು ಯಾವ ಕ್ರಮದಲ್ಲಿ ಮುಂದುವರಿಯಬಹುದು, ಎಲ್ಲಿ ಎಡವಬಹುದು ಎಂಬುದನ್ನು ಈ ಒಂದು ತಂಡವನ್ನು ಎದುರಿಗಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಕನ್ನಡದಲ್ಲಿ ಈ ಆಟದ ಬಗ್ಗೆ ಯಾರು ಓದುತ್ತಾರೆ ಎಂಬ ಪ್ರಶ್ನೆ ಸಹಜವಾದದ್ದು. 2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಕ್ರಿಕೆಟ್ಟನ್ನು ಸೇರಿಸಿದ್ದು ನಮಗೆಲ್ಲ ನೆನಪಿದೆ. ಅದೇ ನಿರ್ಣಯದಲ್ಲಿ ಲಕ್ರಾಸ್ ಕೂಡ ಒಳಗೆ ಬಂದಿತ್ತು. ನಮ್ಮ ಪತ್ರಿಕೆಗಳ ಕೊನೆಯ ಸಾಲಿನಲ್ಲಿ ಬರಿಯ ಹೆಸರಾಗಿ ಬಂದುಹೋದ ಆ ಆಟದ ಬೇರು ಎಲ್ಲಿದೆ ಎಂದು ಕೇಳುವ ಓದುಗರು ಇನ್ನು ಮುಂದೆ ಹೆಚ್ಚುತ್ತಾರೆ.

ಮೊದಲು ಪದಗಳನ್ನು ನೇರ್ಪು ಮಾಡಿಕೊಳ್ಳಿ

ಬರೆಯಲು ಕೂರುವ ಮುನ್ನ ಎರಡು ಪದಗಳ ವಿಷಯದಲ್ಲಿ ನಿರ್ಧಾರ ಮಾಡಿಕೊಳ್ಳಬೇಕು. ಅಮೆರಿಕದ ಕಾಲೇಜುಗಳಲ್ಲಿ ಒಂದು ಆಟದ ತಂಡ, ಅದರ ಕೋಚ್‌ಗಳು, ವಿದ್ಯಾರ್ಥಿವೇತನ, ಮೈದಾನ, ಹಳೆಯ ಆಟಗಾರರ ಬಳಗ ಇವೆಲ್ಲವನ್ನೂ ಸೇರಿಸಿ ‘ಪ್ರೋಗ್ರಾಂ’ ಎನ್ನುತ್ತಾರೆ. ಇದನ್ನು ‘ಲಕ್ರಾಸ್ ಕಾರ್ಯಕ್ರಮ’ ಎಂದು ಬರೆದರೆ ಕನ್ನಡ ಓದುಗರ ಕಣ್ಣಮುಂದೆ ಪ್ರಾರ್ಥನೆ, ಸ್ವಾಗತ ಭಾಷಣ ಮತ್ತು ವಂದನಾರ್ಪಣೆಗಳು ಬಂದು ನಿಲ್ಲುತ್ತವೆ. ನನ್ನ ಮೊದಲ ಕರಡಿನಲ್ಲಿ ಈ ‘ಕಾರ್ಯಕ್ರಮ’ ಹದಿನೇಳು ಕಡೆ ಇತ್ತು, ಓದಿದ ಗೆಳೆಯರೊಬ್ಬರು ಪ್ರವೇಶ ಉಚಿತವೇ ಎಂದು ಕೇಳಿದ ಮೇಲೆ ಎಲ್ಲವನ್ನೂ ‘ತಂಡ’ ಎಂದು ತಿದ್ದಿದೆ. ಬಹುತೇಕ ಕಡೆ ಆ ಒಂದು ಪದವೇ ಸಾಕಾಗುತ್ತದೆ.

ಎರಡನೆಯದು ಇದಕ್ಕಿಂತ ಅಪಾಯಕಾರಿ. ಹಳೆಯ ಅಮೆರಿಕನ್ ಪತ್ರಿಕೆಗಳಲ್ಲಿ ‘ಇಂಡಿಯನ್’ ಎಂಬ ಮಾತು ಬಂದಾಗ ಅದು ನಮ್ಮನ್ನಲ್ಲ, ಆ ನೆಲದ ಮೂಲನಿವಾಸಿಗಳನ್ನು ಕುರಿತದ್ದು. ಯಂತ್ರಾನುವಾದದ ಮೇಲೆ ಭಾರ ಹಾಕಿದವರ ಬರಹದಲ್ಲಿ ಭಾರತೀಯರು ನೂರು ವರ್ಷಗಳ ಹಿಂದೆಯೇ ನ್ಯೂಯಾರ್ಕಿನಲ್ಲಿ ಲಕ್ರಾಸ್ ಆಡಿಬಿಟ್ಟಿರುತ್ತಾರೆ. ‘ಮೂಲನಿವಾಸಿಗಳು’ ಎಂದು ಬರೆಯಬಹುದು, ಜನಾಂಗದ ಹೆಸರು ಗೊತ್ತಿದ್ದ ಕಡೆ ಒನಾಂಡಾಗ, ಮೋಹಾಕ್ ಎಂದು ಹೆಸರು ಹಿಡಿದೇ ಬರೆಯುವುದು ಇನ್ನೂ ಒಳ್ಳೆಯದು.

ಆಟದ ನಿಯಮಗಳ ವಿವರಣೆಯನ್ನು ಒಂದು ಪ್ಯಾರಾಕ್ಕಿಂತ ಹೆಚ್ಚು ಬೆಳೆಸಬೇಡಿ. ಪುರುಷರ ಮೈದಾನದ ಆಟದಲ್ಲಿ ತಂಡಕ್ಕೆ ಹತ್ತು ಮಂದಿ ಇರುತ್ತಾರೆ ಎಂಬುದು, ತುದಿಯಲ್ಲಿ ಬಲೆ ಕಟ್ಟಿದ ಕೋಲಿನಿಂದ ಗಟ್ಟಿ ರಬ್ಬರ್ ಚೆಂಡನ್ನು ಹಿಡಿದು, ಒಯ್ದು, ಎಸೆದು ಆರು ಅಡಿ ಅಗಲ, ಆರು ಅಡಿ ಎತ್ತರದ ಗೋಲಿಗೆ ಹಾಕಬೇಕು ಎಂಬುದು, ಗೋಲಿನ ಸುತ್ತ ಎಳೆದ ವೃತ್ತದೊಳಗೆ ದಾಳಿಗಾರ ಕಾಲಿಡುವಂತಿಲ್ಲ ಎಂಬುದು, ಮತ್ತು ಹದಿನೈದು ನಿಮಿಷಗಳ ನಾಲ್ಕು ಭಾಗಗಳಲ್ಲಿ ಆಟ ನಡೆಯುತ್ತದೆ ಎಂಬುದು ತಿಳಿದರೆ ಓದುಗರು ಮುಂದಿನದನ್ನು ತಾವೇ ಹಿಂಬಾಲಿಸುತ್ತಾರೆ. ಒಂದನ್ನು ಮಾತ್ರ ಮರೆಯಬಾರದು: ಈ ಆಟದಲ್ಲಿ ಗೋಲಿನ ಹಿಂದೆಯೂ ಮೈದಾನವಿದೆ, ಅಲ್ಲಿಂದಲೂ ದಾಳಿ ಶುರುವಾಗಬಹುದು. ಅದು ಗೊತ್ತಿಲ್ಲದವರಿಗೆ ಸಿರಕ್ಯೂಸ್ ಚರಿತ್ರೆಯ ಅತ್ಯಂತ ಪ್ರಸಿದ್ಧ ಗೋಲು ಅರ್ಥವೇ ಆಗುವುದಿಲ್ಲ.

ಚರಿತ್ರೆ ಕಾಲೇಜಿನಿಂದ ಶುರುವಾಗುವುದಿಲ್ಲ

ಸಿರಕ್ಯೂಸ್ ತಂಡದ ಮೊದಲ ಅಧಿಕೃತ ಋತು 1916ರದು. ಹೆಚ್ಚಿನವರು ಅಲ್ಲಿಂದಲೇ ಆರಂಭಿಸುತ್ತಾರೆ, ಆದರೆ ಅಲ್ಲಿಂದ ಆರಂಭಿಸಿದರೆ ಆ ಊರಿನಲ್ಲೇ ಈ ಆಟ ಏಕೆ ಬೇರೂರಿತು ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ನಗರದ ದಕ್ಷಿಣಕ್ಕೆ ಕೆಲವೇ ಮೈಲಿ ದೂರದಲ್ಲಿ ಒನಾಂಡಾಗ ಜನರ ಸ್ವಂತ ಆಡಳಿತದ ನೆಲವಿದೆ, ನಗರ ನಿಂತಿರುವುದೂ ಹಿಂದೆ ಅವರದಾಗಿದ್ದ ನೆಲದ ಮೇಲೆಯೇ. ಆರು ಜನಾಂಗಗಳ ಹೋಡಿನೊಶೋನಿ ಒಕ್ಕೂಟದ ಕೇಂದ್ರ ಅಗ್ನಿಯನ್ನು ಕಾಯುವವರು ಈ ಒನಾಂಡಾಗರು. ಅವರ ಪಾಲಿಗೆ ಈ ಆಟ ಸೃಷ್ಟಿಕರ್ತ ಕೊಟ್ಟದ್ದು, ಕಾಯಿಲೆ ಬಿದ್ದವರು ಗುಣವಾಗಲೆಂದು ಹರಕೆಯಂತೆ ಆಡುವುದೂ ಉಂಟು. ಕೋಲಿನ ಆಕಾರ ಕಂಡು ‘ಲಕ್ರಾಸ್’ ಎಂದು ಕರೆದವರು ಫ್ರೆಂಚರು. 1867ರಲ್ಲಿ ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ ಅದಕ್ಕೆ ಲಿಖಿತ ನಿಯಮಗಳನ್ನು ಮಾಡಿದರು, ಹತ್ತು ವರ್ಷಗಳ ನಂತರ, 1877ರಲ್ಲಿ, ಅಮೆರಿಕದ ಎರಡು ಕಾಲೇಜುಗಳ ನಡುವೆ ಮೊದಲ ಪಂದ್ಯ ನಡೆಯಿತು. ಆಟವನ್ನು ಕೊಟ್ಟವರನ್ನೇ ಕೆನಡಾದ ಸಂಘಟನೆಗಳು ಮುಂದೆ ಹೊರಗಿಟ್ಟವು ಎಂಬ ಕಹಿ ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದೆ ಅದಕ್ಕೆ ಜಾಗ ಸಿಗುವುದಿಲ್ಲ.

ಈ ಹಿನ್ನೆಲೆಯನ್ನು ಭಾಷಣದಂತೆ ಬರೆಯುವ ಬದಲು ಒಂದು ವಸ್ತುವನ್ನು ಹಿಡಿದು ತೋರಿಸುವುದು ಮೇಲು. ಒನಾಂಡಾಗದ ಆಲ್ಫಿ ಜಾಕ್ಸ್ 2023ರಲ್ಲಿ ತೀರಿಕೊಳ್ಳುವವರೆಗೂ ಮರದ ಕೋಲುಗಳನ್ನು ಕೈಯಿಂದಲೇ ಮಾಡುತ್ತಿದ್ದರು. ಹಿಕರಿ ಮರದ ದಿಮ್ಮಿಯನ್ನು ಎಳೆಯ ಗುಂಟ ಸೀಳಿ, ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಕಟ್ಟಿ, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಆಮೇಲೆ ಕೆತ್ತಿ ನಯಮಾಡಿ ಬಲೆ ಹೆಣೆಯಬೇಕು. ಆತುರಪಟ್ಟರೆ ಬಾಗು ಬಿಚ್ಚಿಕೊಳ್ಳುತ್ತದೆ. 1970ರ ಸುಮಾರಿಗೆ ಪ್ಲಾಸ್ಟಿಕ್ ತಲೆಯ ಕೋಲುಗಳು ಬಂದ ಮೇಲೆ ಕಾಲೇಜು ತಂಡಗಳು ಮರವನ್ನು ಕೈಬಿಟ್ಟವು. ಕೋಲು ಹಗುರಾಗಿ, ಎಲ್ಲವೂ ಒಂದೇ ತೂಕದವಾಗಿ ಸುಲಭವಾಗಿ ಸಿಗತೊಡಗಿದ್ದರಿಂದ ಆಟ ಹರಡಿತು. ಒಂದು ತಂಡದ ಚರಿತ್ರೆಯಲ್ಲಿ ಸಲಕರಣೆಗೆ ಒಂದು ಪ್ಯಾರಾ ಏಕೆ ಬೇಕು ಎನ್ನುವವರಿಗೆ ಇದೇ ಉತ್ತರ.

ಕೇಳಿದ್ದನ್ನೆಲ್ಲ ನಂಬಬೇಡಿ

ಕಾಲೇಜಿನ ಚರಿತ್ರೆಗಳಲ್ಲಿ ಕಟ್ಟುಕತೆಗಳು ದಾಖಲೆಯ ವೇಷ ಹಾಕಿಕೊಂಡು ಕೂತಿರುತ್ತವೆ. ಸಿರಕ್ಯೂಸ್‌ನಲ್ಲಿ ಇದಕ್ಕೆ ಪಾಠದಂತಹ ನಿದರ್ಶನವಿದೆ. ಕಟ್ಟಡವೊಂದರ ಪಾಯ ತೋಡುವಾಗ ಹದಿನಾರನೆಯ ಶತಮಾನದ ಒನಾಂಡಾಗ ಮುಖಂಡನೊಬ್ಬನ ಅವಶೇಷ ಸಿಕ್ಕಿತೆಂದು 1931ರಲ್ಲಿ ವಿದ್ಯಾರ್ಥಿಗಳ ಹಾಸ್ಯಪತ್ರಿಕೆ ಬರೆಯಿತು. ಅದು ತಮಾಷೆಗೆ ಹೆಣೆದ ಸುಳ್ಳು. ಆ ಸುಳ್ಳಿನಿಂದಲೇ ‘ಸಾಲ್ಟೀನ್ ವಾರಿಯರ್’ ಎಂಬ ವೇಷಧಾರಿ ಲಾಂಛನ ಹುಟ್ಟಿ, ದಶಕಗಳ ಕಾಲ ಕುಣಿದು, ಮೂಲನಿವಾಸಿ ವಿದ್ಯಾರ್ಥಿಗಳ ಆಕ್ಷೇಪದ ನಂತರ 1978ರಲ್ಲಿ ನಿಂತಿತು. ಆದ್ದರಿಂದ ಒಂದು ಕತೆ ಮೊದಲು ಎಲ್ಲಿ, ಯಾವ ವರ್ಷ ಅಚ್ಚಾಯಿತು, ಅದನ್ನು ಅಚ್ಚು ಹಾಕಿದ್ದು ಎಂಥ ಪತ್ರಿಕೆ ಎಂಬುದನ್ನು ನೋಡದೆ ಅದನ್ನು ಮುಟ್ಟಬೇಡಿ.

ಜಿಮ್ ಬ್ರೌನ್ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಅಮೆರಿಕನ್ ಫುಟ್‌ಬಾಲ್‌ನ ದಂತಕತೆಯಾದ ಅವರು ಸಿರಕ್ಯೂಸ್‌ನಲ್ಲಿದ್ದಾಗ ಲಕ್ರಾಸ್ ಕೂಡ ಆಡಿದರು. 1957ರ ಹತ್ತು ಪಂದ್ಯಗಳಲ್ಲಿ 43 ಗೋಲು ಹಾಕಿದ್ದು ದಾಖಲಾಗಿರುವ ಮಾತು. ಅವರು ಕೋಲನ್ನು ಎದೆಗೆ ಅವುಚಿಕೊಂಡು ನುಗ್ಗುತ್ತಿದ್ದರು, ಅವರನ್ನು ತಡೆಯಲೆಂದೇ ಕೋಲನ್ನು ಆಡಿಸುತ್ತಿರಬೇಕೆಂಬ ನಿಯಮ ಬಂತು ಎಂಬುದು ಜನರ ಬಾಯಲ್ಲಿ ಬೆಳೆದ ಮಾತು. ಎರಡೂ ಬರಹದಲ್ಲಿ ಬರಬಹುದು. ಮೊದಲನೆಯದಕ್ಕೆ ‘ಹಾಕಿದರು’ ಎಂದೂ ಎರಡನೆಯದಕ್ಕೆ ‘ನುಗ್ಗುತ್ತಿದ್ದರಂತೆ’, ‘ಬಂತಂತೆ’ ಎಂದೂ ಬರೆಯಿರಿ. ಕೇಳಿದ ಮಾತನ್ನು ಕಂಡ ಮಾತಿನಿಂದ ಬೇರ್ಪಡಿಸಲು ‘ಅಂತೆ’ ಎಂಬ ಎರಡಕ್ಷರದ ಸಾಧನ ಕನ್ನಡದಲ್ಲಿರುವಾಗ ಅದನ್ನು ಬಳಸದಿರುವುದು ದಡ್ಡತನ.

ಬೆನ್ನುಮೂಳೆಯಾಗಿ ಕೋಚ್‌ಗಳನ್ನು ಇಟ್ಟುಕೊಳ್ಳಿ

ಆಟಗಾರರು ನಾಲ್ಕು ವರ್ಷಕ್ಕೆ ಪದವಿ ಪಡೆದು ಹೋಗುತ್ತಾರೆ, ಕೋಚ್ ಉಳಿಯುತ್ತಾರೆ. ಹಾಗಾಗಿ ಕಾಲೇಜು ತಂಡದ ಚರಿತ್ರೆಯನ್ನು ಋತುಗಳಿಗಿಂತ ಕೋಚ್‌ಗಳ ಕಾಲಾವಧಿಗೆ ಅನುಗುಣವಾಗಿ ವಿಭಾಗಿಸುವುದು ವಾಸಿ. ಸಿರಕ್ಯೂಸ್‌ನಲ್ಲಿ ಈ ಕೆಲಸ ವಿಶೇಷವಾಗಿ ಸುಲಭ, ಏಕೆಂದರೆ ಒಂದು ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಅಲ್ಲಿ ಇದ್ದವರು ಐದೇ ಮಂದಿ. ತಂಡ ಕಟ್ಟಿದ ಲಾರಿ ಕಾಕ್ಸ್ ಭೂದೃಶ್ಯ ವಿನ್ಯಾಸದ ಪ್ರಾಧ್ಯಾಪಕರು, 1930ರವರೆಗೆ ನಡೆಸಿದರು. 1931ರಿಂದ 1970ರವರೆಗೆ, ನಲವತ್ತು ವರ್ಷ, ರಾಯ್ ಸಿಮನ್ಸ್ ಸೀನಿಯರ್. ಅವರು ಬಾಕ್ಸಿಂಗ್ ತಂಡಕ್ಕೂ ಕೋಚ್ ಆಗಿದ್ದರು. 1971ರಿಂದ 1998ರವರೆಗೆ ಅವರ ಮಗ ರಾಯ್ ಸಿಮನ್ಸ್ ಜೂನಿಯರ್, ಆಮೇಲೆ ಜೂನಿಯರ್ ಕೈಕೆಳಗೆ ಆಡಿ, ಸಹಾಯಕರಾಗಿ ದುಡಿದ ಜಾನ್ ಡೆಸ್ಕೊ 2021ರವರೆಗೆ, ಅವರ ನಂತರ ಜೂನಿಯರ್ ಗರಡಿಯಲ್ಲೇ ಬೆಳೆದ ಗ್ಯಾರಿ ಗೇಟ್. ಅಂದರೆ 1931ರಿಂದ ಇಂದಿನವರೆಗೆ ಈ ಹುದ್ದೆ ಸಿಮನ್ಸ್ ಮನೆತನ ಮತ್ತು ಅವರ ಶಿಷ್ಯರನ್ನು ಬಿಟ್ಟು ಹೊರಗೆ ಹೋಗಿಲ್ಲ. ಇದನ್ನು ಗುರುಪರಂಪರೆ ಎಂದು ಹೊಗಳಬಹುದು, ಮುಚ್ಚಿದ ಬಾಗಿಲು ಎಂದು ಟೀಕಿಸಲೂಬಹುದು. ಬರೆಯುವವರು ಯಾವುದೋ ಒಂದು ಕಡೆ ನಿಂತು ಹೇಳಿದರೆ ತಪ್ಪಿಲ್ಲ. ನನಗಂತೂ ಮೊದಲನೆಯದರಲ್ಲಿ ಹೆಚ್ಚು ಸತ್ಯ ಕಾಣುತ್ತದೆ, ಏಕೆಂದರೆ ಜೂನಿಯರ್ ವೃತ್ತಿಯಿಂದ ಶಿಲ್ಪಿ, ಅದೇ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಕಲಿಸುತ್ತಿದ್ದವರು. ಹುಡುಗರು ಬೆನ್ನ ಹಿಂದಿನಿಂದ ಚೆಂಡು ಎಸೆದರೆ ಗದರಿಸದೆ ನೋಡುತ್ತ ನಿಲ್ಲುವ ಕಲಾವಿದನ ಸ್ವಭಾವವೇ ಆ ತಂಡದ ಶೈಲಿಯಾಯಿತು.

ಕೋಚ್‌ಗಳ ಜೊತೆಗೆ ಕಟ್ಟಡವನ್ನೂ ಗಮನಿಸಬೇಕು. ವರ್ಷಕ್ಕೆ ಸರಾಸರಿ 100 ಇಂಚಿಗೂ ಮೀರಿ ಹಿಮ ಬೀಳುವ ಊರು ಸಿರಕ್ಯೂಸ್, ಲಕ್ರಾಸ್ ಋತು ಶುರುವಾಗುವುದೋ ಫೆಬ್ರುವರಿಯಲ್ಲಿ. 1980ರಲ್ಲಿ ಕ್ಯಾರಿಯರ್ ಡೋಮ್ ಎಂಬ ಮುಚ್ಚು ಚಾವಣಿಯ ಕ್ರೀಡಾಂಗಣ ಬಂದ ಮೇಲೆ ತಂಡ ಚಳಿಗಾಲದಲ್ಲೂ ಬೆಚ್ಚಗಿನ ಅಂಗಳದಲ್ಲಿ ಸಾವಿರಾರು ಪ್ರೇಕ್ಷಕರೆದುರು ಆಡುವಂತಾಯಿತು. ಮೂರನೆಯ ವರ್ಷಕ್ಕೆ ಪ್ರಶಸ್ತಿ ಬಂತು. ನಮಗೆ ಏರ್ ಕಂಡಿಷನರ್‌ನಿಂದ ಪರಿಚಿತವಾದ ಕಂಪನಿಯ ಹೆಸರು ಹೊತ್ತ ಆ ಕಟ್ಟಡದಲ್ಲಿ ಬಹುಕಾಲ ಎಸಿಯೇ ಇರಲಿಲ್ಲ ಎಂಬುದು ಊರಿನವರ ಖಾಯಂ ನಗೆಮಾತು. 2022ರಿಂದ ಅದಕ್ಕೆ ಜೆಎಂಎ ವೈರ್‌ಲೆಸ್ ಡೋಮ್ ಎಂಬ ಹೆಸರು, ಆದರೆ 1988ರ ಪಂದ್ಯವೊಂದನ್ನು ವರ್ಣಿಸುವಾಗ ಆಗಿನ ಹೆಸರನ್ನೇ ಬಳಸಿ. ತಂಡದ ಅಡ್ಡಹೆಸರಿಗೂ ಇದೇ ನಿಯಮ: 2004ಕ್ಕೆ ಮೊದಲು ‘ಆರೆಂಜ್‌ಮೆನ್’, ಆಮೇಲೆ ‘ಆರೆಂಜ್’.

ಪ್ರಶಸ್ತಿಗಳ ಲೆಕ್ಕ

ಈಗ ಆರಂಭದ ಪ್ರಶ್ನೆಗೆ ಬರಬಹುದು. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎ ಪುರುಷರ ಲಕ್ರಾಸ್‌ಗೆ ಪಂದ್ಯಾವಳಿ ನಡೆಸಲು ಶುರುಮಾಡಿದ್ದು 1971ರಲ್ಲಿ. ಅದಕ್ಕೂ ಮೊದಲು ಚಾಂಪಿಯನ್ ಯಾರೆಂಬುದನ್ನು ಅಂತಿಮ ಪಂದ್ಯ ತೀರ್ಮಾನಿಸುತ್ತಿರಲಿಲ್ಲ, ಲಕ್ರಾಸ್ ಸಂಘಟನೆಗಳು ಋತುವಿನ ಸಾಧನೆ ನೋಡಿ ಘೋಷಿಸುತ್ತಿದ್ದವು. 1920, 1922, 1924 ಮತ್ತು 1925ರ ನಾಲ್ಕು ಪ್ರಶಸ್ತಿಗಳನ್ನು ಸಿರಕ್ಯೂಸ್ ತನ್ನವೆಂದು ಎಣಿಸುವುದು ಈ ಹಳೆಯ ಪದ್ಧತಿಯ ಆಧಾರದಿಂದ. ಎನ್‌ಸಿಎಎ ಕಾಲದಲ್ಲಿ 1983, 1988, 1989, 1990, 1993, 1995, 2000, 2002, 2004, 2008, 2009 ಹೀಗೆ ಹನ್ನೊಂದು ಬಾರಿ ಅಂತಿಮ ಪಂದ್ಯ ಗೆದ್ದಿದೆ. ಇವುಗಳಲ್ಲಿ 1990ರದನ್ನು ಎನ್‌ಸಿಎಎ ರದ್ದುಗೊಳಿಸಿದೆ. ಆದ್ದರಿಂದ ಎನ್‌ಸಿಎಎ ಪುಸ್ತಕದಲ್ಲಿ 10, ಮೈದಾನದಲ್ಲಿ ಗೆದ್ದದ್ದು 11, ಹಳೆಯವನ್ನೂ ಸೇರಿಸಿದರೆ 15. ಮೂರನ್ನೂ ಕೊಟ್ಟು, ಯಾವುದು ಯಾರ ಲೆಕ್ಕ ಎಂದು ಒಂದೊಂದು ವಾಕ್ಯದಲ್ಲಿ ಹೇಳಿ. ಒಂದನ್ನೇ ಆರಿಸಿಕೊಂಡು ಉಳಿದವನ್ನು ಅಡಗಿಸಬೇಡಿ.

ರದ್ದಾದ ಪ್ರಶಸ್ತಿಯ ಕಾರಣವನ್ನು ಸ್ಪಷ್ಟವಾಗಿ, ಧ್ವನಿ ಏರಿಸದೆ ಬರೆಯಬೇಕು. ತಂಡದ ತಾರೆ ಪಾಲ್ ಗೇಟ್ ಕಾರು ಕೊಳ್ಳಲು ತೆಗೆದ ಸಾಲಕ್ಕೆ ಕೋಚ್‌ನ ಪತ್ನಿ ಜಾಮೀನು ಸಹಿ ಹಾಕಿದ್ದರು. ಆಟಗಾರನಿಗೆ ಇಂತಹ ನೆರವು ಸಲ್ಲದು ಎಂಬ ನಿಯಮದ ಪ್ರಕಾರ ಅವರು ಆಡಲು ಅನರ್ಹರಾಗಿದ್ದರೆಂದು ಎನ್‌ಸಿಎಎ ತೀರ್ಮಾನಿಸಿತು. ಅಂತಿಮ ಪಂದ್ಯದಲ್ಲಿ ಲೊಯೋಲಾ ತಂಡವನ್ನು 21-9ರಿಂದ ಮಣಿಸಿದ ಗೆಲುವು ಹೀಗೆ ಕಡತದಿಂದ ಅಳಿಸಿಹೋಯಿತು. ‘ರದ್ದು’ ಎಂದರೆ ಎದುರಾಳಿಗೆ ಕೊಟ್ಟರೆಂದಲ್ಲ, ಆ ವರ್ಷದ ಜಾಗ ಖಾಲಿ ಎಂದರ್ಥ. ಈ ವ್ಯತ್ಯಾಸವನ್ನು ಬಿಟ್ಟು ಬರೆದವರನ್ನು ನಾನು ನೋಡಿದ್ದೇನೆ.

ಪ್ರಶಸ್ತಿಯಿಲ್ಲದ ವರ್ಷಗಳಲ್ಲೂ ಚರಿತ್ರೆ ಇರುತ್ತದೆ ಎಂಬುದಕ್ಕೆ 1957ನ್ನು ನೋಡಿ. ಆ ವರ್ಷ ಸಿರಕ್ಯೂಸ್ ಹತ್ತಕ್ಕೆ ಹತ್ತೂ ಪಂದ್ಯ ಗೆದ್ದಿತು, ಆದರೆ ಚಾಂಪಿಯನ್ ಪಟ್ಟ ಜಾನ್ಸ್ ಹಾಪ್ಕಿನ್ಸ್ ಪಾಲಾಯಿತು. ಪ್ರಶಸ್ತಿ ಪಟ್ಟಿಯನ್ನಷ್ಟೇ ನಕಲು ಮಾಡುವವರ ಕಣ್ಣಿಗೆ ಈ ತಂಡ ಬೀಳುವುದೇ ಇಲ್ಲ. ಬಿದ್ದಿದ್ದರೆ ಅದರಲ್ಲಿ ಜಿಮ್ ಬ್ರೌನ್ ಜೊತೆಗೆ ಮುಂದೆ ಕೋಚ್ ಆಗಲಿದ್ದ ಸಿಮನ್ಸ್ ಜೂನಿಯರ್ ಕಾಣುತ್ತಿದ್ದರು, ಗೋಲು ಕಾಯುತ್ತಿದ್ದ ಒನಾಂಡಾಗದ ಓರನ್ ಲಯನ್ಸ್ ಕಾಣುತ್ತಿದ್ದರು. ಲಯನ್ಸ್ ನಂತರ ತಮ್ಮ ಜನರ ಧರ್ಮಪಾಲಕರಲ್ಲಿ ಒಬ್ಬರಾಗಿ, 1983ರಲ್ಲಿ ಹೋಡಿನೊಶೋನಿಗಳ ಸ್ವಂತ ರಾಷ್ಟ್ರೀಯ ತಂಡವನ್ನು ಕಟ್ಟಿದವರ ಸಾಲಿನಲ್ಲಿ ನಿಂತರು. ಸಿರಕ್ಯೂಸ್‌ಗೆ ಮೊದಲ ಎನ್‌ಸಿಎಎ ಪ್ರಶಸ್ತಿ ಬಂದದ್ದೂ ಅದೇ ವರ್ಷ. ಆ ಅಂತಿಮ ಪಂದ್ಯದ ಮೂರನೆಯ ಭಾಗದಲ್ಲಿ 12-5ರಿಂದ ಹಿಂದಿದ್ದ ತಂಡ ಜಾನ್ಸ್ ಹಾಪ್ಕಿನ್ಸ್ ವಿರುದ್ಧ 17-16ರಿಂದ ಗೆದ್ದಿತು.

ಒಂದು ಗಳಿಗೆಯನ್ನು ಹತ್ತಿರದಿಂದ ತೋರಿಸಿ

ಅಂಕಿಗಳ ನಡುವೆ ಓದುಗರಿಗೆ ಒಂದಾದರೂ ದೃಶ್ಯ ಬೇಕು. ಸಿರಕ್ಯೂಸ್ ಚರಿತ್ರೆಯಲ್ಲಿ ಅದಕ್ಕೆ ಹುಡುಕಾಟವೇ ಬೇಡ. 1988ರ ಸೆಮಿಫೈನಲ್, ಎದುರಾಳಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ, ಪಂದ್ಯ ಕ್ಯಾರಿಯರ್ ಡೋಮ್‌ನಲ್ಲೇ. ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಬಂದಿದ್ದ, ಪಾಲ್ ಗೇಟ್ ಅವರ ಅವಳಿ ಸೋದರ ಗ್ಯಾರಿ ಗೇಟ್ ಗೋಲಿನ ಹಿಂದೆ ಚೆಂಡಿನೊಂದಿಗೆ ಓಡುತ್ತಿದ್ದಾರೆ. ಎಲ್ಲರೂ ಅವರು ಎಡಕ್ಕೋ ಬಲಕ್ಕೋ ಸುತ್ತಿ ಮುಂದೆ ಬರುವುದನ್ನು ಕಾಯುತ್ತಿರುವಾಗ ಅವರು ನೇರವಾಗಿ ಗೋಲಿನತ್ತ ನೆಗೆದು, ಗಾಳಿಯಲ್ಲಿರುವಾಗಲೇ ಕೋಲನ್ನು ಅಡ್ಡಪಟ್ಟಿಯ ಮೇಲಿನಿಂದ ಚಾಚಿ ಚೆಂಡನ್ನು ಮುಂಭಾಗದಿಂದ ಒಳಗೆ ತುರುಕುತ್ತಾರೆ. ಗೋಲ್‌ಕೀಪರ್ ಹಿಂತಿರುಗುವ ಮೊದಲೇ ಎಲ್ಲ ಮುಗಿದಿದೆ. ಅದೇ ಪಂದ್ಯದಲ್ಲಿ ಅವರು ಇದನ್ನು ಎರಡು ಬಾರಿ ಮಾಡಿದರು, ಸಿರಕ್ಯೂಸ್ ಗೆದ್ದದ್ದು 11-10ರಿಂದ, ಅಂದರೆ ಒಂದೇ ಗೋಲಿನ ಅಂತರದಿಂದ. ‘ಏರ್ ಗೇಟ್’ ಎಂದು ಪ್ರಸಿದ್ಧವಾದ ಈ ಹೆಸರನ್ನು ವಿವರಣೆಯಿಲ್ಲದೆ ಬಿಟ್ಟರೆ ನಮ್ಮವರು ಯಾವುದೋ ವಿಮಾನ ನಿಲ್ದಾಣದ ಬಾಗಿಲೆಂದು ತಿಳಿದಾರು.

ಆ ವರ್ಷ ಗೇಟ್ ಹಾಕಿದ 70 ಗೋಲುಗಳಿಗಿಂತ ಹೆಚ್ಚು ಕಾಲ ಬಾಳಿದ್ದು ಅವರ ಬೆನ್ನ ಮೇಲಿದ್ದ 22 ಎಂಬ ಅಂಕಿ. ಆ ಅಂಗಿ ಅವರ ನಂತರ ಚಾರ್ಲಿ ಲಾಕ್‌ವುಡ್, ಆಮೇಲೆ ಕಾರ್ತೇಜ್ ಎಂಬ ಸಣ್ಣ ಊರಿನ ಪಾವೆಲ್ ಸೋದರರಾದ ಕೇಸಿ, ರಯಾನ್ ಮತ್ತು ಮೈಕ್ ಮೂವರ ಮೈಮೇಲೂ ಬಂತು. ಮೈಕ್ ಪಾವೆಲ್ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಟೆವಾರಾಟನ್ ಪ್ರಶಸ್ತಿಯನ್ನು 2002 ಮತ್ತು 2004ರಲ್ಲಿ ಪಡೆದರು. ಟೆವಾರಾಟನ್ ಎಂಬುದು ಈ ಆಟಕ್ಕೆ ಮೋಹಾಕ್ ನುಡಿಯಲ್ಲಿರುವ ಹೆಸರು. 2009ರ ಅಂತಿಮ ಪಂದ್ಯದಲ್ಲಿ ಕಾರ್ನೆಲ್ ವಿರುದ್ಧ ಕೊನೆಯ ಸೆಕೆಂಡುಗಳಲ್ಲಿ ಸಮ ಮಾಡಿಕೊಂಡ ಸಿರಕ್ಯೂಸ್‌ಗೆ ಹೆಚ್ಚುವರಿ ಅವಧಿಯಲ್ಲಿ 10-9ರ ಗೆಲುವಿನ ಗೋಲು ಹಾಕಿದ್ದು ಮುಂದೆ 22 ತೊಡಲಿದ್ದ ಕೋಡಿ ಜೇಮಿಸನ್. ಅವರು ಹೋಡಿನೊಶೋನಿ ಜನರವರು. ಚರಿತ್ರೆಯನ್ನು ಒನಾಂಡಾಗ ನೆಲದಿಂದ ಆರಂಭಿಸಿದವರಿಗೆ ಈ ಗೋಲಿನ ತೂಕ ಬೇರೆಯೇ ಆಗಿ ಕಾಣುತ್ತದೆ, 1916ರಿಂದ ಆರಂಭಿಸಿದವರಿಗೆ ಇದು ಇನ್ನೊಂದು ಸ್ಕೋರು ಮಾತ್ರ.

ಸೋಲಿಗೂ ಸಾಲು ಕೊಡಿ

1983ರಿಂದ 2004ರವರೆಗೆ ಸತತ 22 ವರ್ಷ ಸೆಮಿಫೈನಲ್ ತಲುಪಿದ ತಂಡವೆಂದು ಬರೆದು ಸುಮ್ಮನಾಗುವುದು ಅಭಿಮಾನಿಯ ಕೆಲಸ. 2007ರಲ್ಲಿ ಇದೇ ತಂಡ ಐದು ಗೆದ್ದು ಎಂಟು ಸೋತು, 1982ರ ನಂತರ ಮೊದಲ ಬಾರಿಗೆ ಪಂದ್ಯಾವಳಿಗೆ ಕರೆ ಬಾರದೆ ಮನೆಯಲ್ಲಿ ಕೂತಿತು. ಮರುವರ್ಷವೇ ಜಾನ್ಸ್ ಹಾಪ್ಕಿನ್ಸ್ ವಿರುದ್ಧ 13-10ರಿಂದ ಗೆದ್ದು ಚಾಂಪಿಯನ್ ಆಯಿತು. 2007ನ್ನು ಹೇಳದೆ 2008ನ್ನು ಹೇಳಿದರೆ ಅದರ ಸೊಗಸೇ ಹೋಗುತ್ತದೆ. 2020ರಲ್ಲಿ ಐದಕ್ಕೆ ಐದು ಗೆದ್ದು ಅಗ್ರಸ್ಥಾನದಲ್ಲಿದ್ದಾಗ ಕೋವಿಡ್‌ನಿಂದ ಋತುವೇ ನಿಂತಿತು. ಅದನ್ನು ಸೋಲಿನ ಪಟ್ಟಿಗೂ ಸೇರಿಸದೆ, ಗೆಲುವಿನ ಪಟ್ಟಿಗೂ ಸೇರಿಸದೆ ‘ಅಪೂರ್ಣ’ ಎಂದೇ ನಮೂದಿಸಬೇಕು. ಗ್ಯಾರಿ ಗೇಟ್ ಕೋಚ್ ಆಗಿ ಬಂದ ಮೊದಲ ಋತು, 2022ರಲ್ಲಿ, ನಾಲ್ಕು ಗೆಲುವು, ಹತ್ತು ಸೋಲು. ಮಹಾ ಆಟಗಾರ ಮಹಾ ಕೋಚ್ ಆಗಿಯೇ ಆಗುತ್ತಾರೆಂಬ ಭರವಸೆಯಿಂದ ವಾಕ್ಯ ಹೆಣೆದಿದ್ದವರು ಅದನ್ನು ಆ ವರ್ಷ ಹೊಡೆದುಹಾಕಬೇಕಾಯಿತು, ಮತ್ತು 2025ರಲ್ಲಿ ತಂಡ 2013ರ ನಂತರ ಮೊದಲ ಬಾರಿಗೆ ಸೆಮಿಫೈನಲ್ ತಲುಪಿದಾಗ ಮತ್ತೆ ಸ್ವಲ್ಪ ತಿದ್ದಿ ಬರೆಯಬೇಕಾಯಿತು.

ಇನ್ನೂ ಆಡುತ್ತಿರುವ ತಂಡದ ಚರಿತ್ರೆಗೆ ಹೀಗೆ ತಿದ್ದುಪಡಿ ತಪ್ಪಿದ್ದಲ್ಲ. ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರಾಂತ್ಯದಲ್ಲಿ ಅಂತಿಮ ಪಂದ್ಯ ಮುಗಿಯುತ್ತದೆ. ಜೂನ್ ಮೊದಲ ವಾರ ಕಡತ ತೆರೆದು, ಪ್ರಶಸ್ತಿಗಳ ಪ್ಯಾರಾ, ಕೋಚ್‌ಗಳ ಪ್ಯಾರಾ ಮತ್ತು 22ರ ಅಂಗಿ ತೊಟ್ಟವರ ಹೆಸರು ಇಷ್ಟನ್ನು ಪರಿಶೀಲಿಸಿ, ಬರಹದ ಕೊನೆಯಲ್ಲಿ ಯಾವ ಋತುವಿನವರೆಗಿನ ಮಾಹಿತಿ ಇದೆ ಎಂಬುದನ್ನು ವರ್ಷ ಸಹಿತ ನಮೂದಿಸಿ.